ಸರ್ ಇಲ್ಲದ ವೆಬ್‌ಸೈಟು

ರಾಣೆಬೆನ್ನೂರಿನಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬ, ಸ್ವಾಗತ, ಶ್ರದ್ಧಾಂಜಲಿ, ಇಷ್ಟರಲ್ಲೇ ವರ್ಷ ಕಳೆಯುತ್ತದೆ. ನಮ್ಮ ಕಡೆ ಬ್ಯಾನರ್ ಎಂದರೆ ಅಂಗೈಯಷ್ಟು ಜಾಗವೂ ಖಾಲಿ ಉಳಿಯಬಾರದು. ಮೇಲೆ ದೇವರು, ನಡುವೆ ದೊಡ್ಡವರು, ಕೆಳಗೆ ಶುಭ ಕೋರುವವರ ಸಾಲು. ಅದರಲ್ಲಿ ಒಂದು ಮುಖ ಬಿಟ್ಟುಹೋದರೂ ಮರುದಿನ ಅಂಗಡಿ ಮುಂದೆ ಜಗಳ. ಹಾಗಿರುವಾಗ ಹಾವೇರಿಯ ಗಣಿತದ ಸರ್ ಬಂದು, "ತಂಗಿ, ನಮ್ಮ ವೆಬ್‌ಸೈಟ್ ಹೊಸದಾಗಿ ಮಾಡಿಕೊಡ್ತಿಯೇನು? ಎಷ್ಟ್ ಖಾಲಿ ಬಿಟ್ರೂ ನಂದೇನ್ ತಕರಾರಿಲ್ಲ" ಎಂದಾಗ ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಸರ್ ಹೈಸ್ಕೂಲಿನಲ್ಲಿ ಕಲಿಸಿ ನಿವೃತ್ತರಾದವರು. ಶಾಲೆಗಳಿಗೆ ವೇಳಾಪಟ್ಟಿ ಹಾಕಿಕೊಡುವ ತಂತ್ರಾಂಶವೊಂದನ್ನು ತಾವೇ ಬರೆದು ಪುಕ್ಕಟೆ ಹಂಚಿದ್ದರು. ಬರೀ ಪುಕ್ಕಟೆಯಲ್ಲ, ಅದರ ಒಳಗಿನ ಬರವಣಿಗೆಯನ್ನೂ ಬಿಚ್ಚಿ ಇಟ್ಟಿದ್ದರು. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಮತ್ತೆ ಎಲ್ಲರಿಗೂ ಕೊಡಬಹುದು. ಮುಕ್ತ ತಂತ್ರಾಂಶ ಎನ್ನುತ್ತಾರೆ. ಮುಕ್ತ ಎಂದದ್ದೇ ಬಂತು, ತಿದ್ದಲು ಒಬ್ಬರೂ ಬರಲಿಲ್ಲ. ವೆಬ್‌ಸೈಟಿನ ನೆತ್ತಿಯ ಮೇಲೆ ಸರ್ ಫೋಟೋ, ಪಕ್ಕದಲ್ಲಿ ಅವರ ಮೊಬೈಲ್ ನಂಬರು. ಬ್ಯಾಡಗಿ, ಹೊಸರಿತ್ತಿ, ಕುಮಾರಪಟ್ಟಣದ ಶಾಲೆಯವರೆಲ್ಲ ತೊಡಕಾದರೆ ನೇರ ಫೋನೇ ಹಚ್ಚುತ್ತಿದ್ದರು. ಊಟದ ತಾಟಿನ ಮುಂದೆ ಕುಳಿತೂ ಸರ್ ಫೋನಿನಲ್ಲಿ, "ಆಟದ ಪೀರಿಯಡ್ ಕಡೀಕ ಹಾಕ್ರಿ" ಎನ್ನುವುದನ್ನು ನಾನೇ ಕಂಡಿದ್ದೇನೆ.

"ನಾ ಇರೂತನಕ ಫೋನ್ ಎತ್ತತೇನಿ. ಆಮ್ಯಾಲ?" ಎಂದರು ಸರ್. "ನನ್ನ ಸಂಗಾಟ ಇದು ಸತ್ತಹೋಗಬಾರದು. ಫೋಟೋ ತಗಿ, ನಂಬರ್ ತಗಿ. ಮಂದಿ ಒಬ್ಬರಿಗೊಬ್ಬರು ಕೇಳಿಕೊಳ್ಳಾಕ ಒಂದು ಜಾಗಾ ಮಾಡಿಕೊಡು. ಕೈ ಹಚ್ಚಾವ್ರು ಬಂದ್ರ ಉಳೀತದ, ಇಲ್ಲಾಂದ್ರ ಇಲ್ಲ."

ಹಳೆಯ ಲಾಂಛನ ಸರ್ ತಮ್ಮ ಕೈಯಾರೆ ಬಿಡಿಸಿದ ಶಾಲೆಯ ಗಂಟೆ. ಸುತ್ತ ಏಳು ಬಣ್ಣದ ಅಕ್ಷರ. ನೋಡಿದರೆ ಕಣ್ಣು ಉರಿಯುತ್ತಿತ್ತು. ನಾನು ಬೇರೆ ಬೇರೆ ಮಾದರಿ ಬಿಡಿಸಿ ಅವರೊಬ್ಬರಿಗೇ ಕಳಿಸಿದೆ. ಗಿರಾಕಿಯಿಂದ ಹೂಂ ಅನ್ನಿಸಿಕೊಂಡು ಕೆಲಸ ಮುಗಿಸುವುದು ನನ್ನ ರೂಢಿ. ಅವರೋ, ಬಳಸುವವರೆಲ್ಲ ನೋಡಲಿ ಎಂದು ಅವನ್ನು ಹಾಗೇ ಬಯಲಿಗಿಟ್ಟರು. ಮುಂದಿನದು ಕೇಳಬೇಡಿ. ಬ್ಯಾಡಗಿಯವರಿಗೆ ಮೆಣಸಿನಕಾಯಿ ಕೆಂಪೇ ಆಗಬೇಕು. ಇನ್ನೊಬ್ಬರಿಗೆ ಸರಸ್ವತಿ ಬೇಕು. ಮೋಟೆಬೆನ್ನೂರಿನ ಟೀಚರ್ ಒಬ್ಬರು, "ಹಳೇ ಗಂಟಿ ಮೊಬೈಲಿನ್ಯಾಗ ನೋಡಿದ್ರ ಡಬ್ಬ ಹಾಕಿದ ಚರಿಗಿ ಕಂಡಂಗ ಕಾಣತದ" ಎಂದು ಬರೆದರು. ಸರ್ ಬಿಡಿಸಿದ ಗಂಟೆಯನ್ನು ಬೋರಲು ಹಾಕಿದ ತಂಬಿಗೆ ಎನ್ನಲು ಎದೆಗಾರಿಕೆ ಬೇಕು. ಸರ್ ಓದಿ ನಕ್ಕರು. ವೇಳಾಪಟ್ಟಿಯ ಚೌಕದ ಮನೆಗಳ ನಡುವೆ ಒಂದೇ ಮನೆ ಕೆಂಪಗಿರುವ ನನ್ನ ಚಿತ್ರಕ್ಕೆ ಎಲ್ಲರಂತೆ ತಾವೂ ಒಂದು ಮತ ಹಾಕಿ ಗಂಟೆಯನ್ನು ಬೀಳ್ಕೊಟ್ಟರು. ತಾವು ಮಾಡಿದ್ದನ್ನು ಅಷ್ಟು ಹಗುರವಾಗಿ ಬಿಟ್ಟುಕೊಟ್ಟವರನ್ನು ನಾನು ಆವರೆಗೆ ಕಂಡಿರಲಿಲ್ಲ. ನನ್ನ ಬ್ಯಾನರಿನಿಂದ ಒಂದು ಹೂವು ತೆಗೆಸಿದರೂ ಮಾತು ಬಿಡುವವಳು ನಾನು.

ಹೇಳಿದಂತೆ ನಂಬರು ತೆಗೆದೆ. ಫೋಟೋ ತೆಗೆಯಲು ಮಾತ್ರ ಮನಸ್ಸು ಬರಲಿಲ್ಲ. 'ನಮ್ಮ ಬಗ್ಗೆ' ಎಂಬ ಒಳಪುಟದಲ್ಲಿ, ಬೆಳ್ಳನೆ ಖಾಲಿ ಜಾಗದ ನಡುವೆ, ದುಂಡಗೆ ಕತ್ತರಿಸಿ ಕಪ್ಪುಬಿಳುಪಾಗಿ ಇಟ್ಟೆ. ಕೆಳಗೆ, 'ಇವರು ಹಾಕಿಕೊಟ್ಟ ದಾರಿಯಲ್ಲಿ ನಾವು ನಡೆಯುತ್ತಿದ್ದೇವೆ' ಎಂದು ಬರೆದೆ. ಎಷ್ಟು ಗಂಭೀರ, ಎಷ್ಟು ಅಚ್ಚುಕಟ್ಟು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹೊಸ ವೆಬ್‌ಸೈಟು ತೆರೆದ ವಾರವೇ ಸರ್‌ಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಡಾಕ್ಟರು ಮೊಬೈಲ್ ನೋಡಬಾರದು ಎಂದಿದ್ದರು. ಅವರ ಹೆಂಡತಿ, ನಾನು ಅಕ್ಕಾ ಎನ್ನುವವರು, ಫೋನನ್ನು ಬಂದ್ ಮಾಡಿ ತಿಜೋರಿಯಲ್ಲಿಟ್ಟು ಕೀಲಿ ಹಾಕಿದ್ದರು. ಅತ್ತ ಶಾಲೆಗಳು ಶುರುವಾಗುವ ಹೊತ್ತು. ವೇಳಾಪಟ್ಟಿ ಹಾಕಲು ಕುಳಿತ ಮಾಸ್ತರರು ನೋಡುತ್ತಾರೆ, ನಂಬರಿಲ್ಲ. ನೆನಪಿನಲ್ಲಿದ್ದ ನಂಬರಿಗೆ ಹಚ್ಚಿದರೆ ಬಂದ್. ಒಳಪುಟಕ್ಕೆ ಹೋದರೆ ಕಪ್ಪುಬಿಳುಪು ಫೋಟೋ, ಅದರ ಕೆಳಗೆ ಆ ಸಾಲು. ನಮ್ಮ ಕಡೆ ಇಷ್ಟೂ ಕೂಡಿದರೆ ಅರ್ಥ ಒಂದೇ.

ಬ್ಯಾಡಗಿ ಕಡೆಯ ಹೆಡ್‌ಮಾಸ್ತರರೊಬ್ಬರು ಹೂವಿನ ಮಾಲೆ ಹಿಡಿದು ಹಾವೇರಿಯ ಮನೆಗೇ ಬಂದರಂತೆ. ಬಾಗಿಲು ತೆರೆದವರು ಕಪ್ಪು ಕನ್ನಡಕ ಹಾಕಿದ ಸರ್. "ಯಾರಿಗ್ರೀ ಸತ್ಕಾರ? ಬರ್ರಿ, ಒಳಗ ಕುಂದರ್ರಿ." ಹೆಡ್‌ಮಾಸ್ತರರು ಚಹಾ ಕುಡಿದು ಮುಗಿಸಿದರೂ ಮಾಲೆ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತಿದ್ದರಂತೆ. ಅವರು ಆ ಪುಟದ ಸಂಗತಿ ಹೇಳಿ ಎದ್ದುಹೋದ ಕೂಡಲೇ ಅಕ್ಕ ನನಗೆ ಫೋನ್ ಹಚ್ಚಿದರು.

"ಏನ್ ಮಾಡಿಟ್ಟಿಯವ್ವಾ? ನಾ ಇನ್ನೂ ಮುತ್ತೈದಿ ಅದೀನಿ."

ನಾಚಿಕೆಯಿಂದ ಕುಗ್ಗಿಹೋದೆ. ಶ್ರದ್ಧಾಂಜಲಿ ಹೊಡೆದು ಹೊಡೆದು ಪಳಗಿದ ಕೈ, ತನಗೆ ಗೊತ್ತಿದ್ದನ್ನೇ ಮಾಡಿತ್ತು. ನಾನು ಅದನ್ನು ಅಭಿರುಚಿ ಎಂದುಕೊಂಡಿದ್ದೆ. ಲ್ಯಾಪ್‌ಟಾಪ್ ಎತ್ತಿಕೊಂಡು ಹಾವೇರಿಯ ಬಸ್ ಹತ್ತಿದೆ.

ಸರ್ ಸಿಟ್ಟಾಗಿರಲಿಲ್ಲ. ಮಂದಿ ಏನು ಬರೆದಿದ್ದಾರೆ ಓದು ಎಂದರು, ಅಷ್ಟೆ. ಒಬ್ಬರಿಗೊಬ್ಬರು ಕೇಳಿಕೊಳ್ಳಲಿ ಎಂದು ಮಾಡಿದ್ದ ಜಾಗದಲ್ಲಿ ಮೊದಲು ಬರೀ ಸಂತಾಪ. ಅದನ್ನು ಸರ್ ಕಾಲು ಅಲುಗಿಸುತ್ತ ಆರಾಮಾಗಿ ಕೇಳಿದರು. ಆಮೇಲೆ ಮೋಟೆಬೆನ್ನೂರಿನ ಅದೇ ಟೀಚರ್ ಬರೆದದ್ದು ಬಂತು: "ಸರ್ ಇದ್ದಾಗ ಫೋನ್ ಹಚ್ಚಿ ಆರಾಮ ಇದ್ವಿ. ಇನ್ನ ಯಾರಿಗೆ ಹಚ್ಚೂದು? ನಾ ಒಳಗಿನ ಬರವಣಿಗಿ ಓದಾಕ ಕುಂತೇನಿ. ಅರ್ಧ ತಿಳೀತು. ಉಳಿದರ್ಧ ಯಾರಿಗೆ ತಿಳೀತದ, ಬರ್ರಿ." ಅದರ ಕೆಳಗೆ ಬ್ಯಾಡಗಿಯಿಂದ ಒಬ್ಬರು, ಕುಮಾರಪಟ್ಟಣದಿಂದ ಒಬ್ಬರು. ಎರಡು ಶಾಲೆಗಳಲ್ಲಿ ಕಲಿಸುವ ಮಾಸ್ತರರನ್ನು ಒಂದೇ ಹೊತ್ತಿಗೆ ಎರಡೂ ಕಡೆ ನಿಲ್ಲಿಸಿಬಿಡುವ ಹಳೆಯ ದೋಷವೊಂದಿತ್ತು. ಅದನ್ನು ಅವರು ಸೇರಿ ತಿದ್ದಿಬಿಟ್ಟಿದ್ದರು.

ಸರ್ ಕಾಲು ನಿಂತಿತು. "ಇನ್ನೊಮ್ಮೆ ಓದು" ಎಂದರು. ಹೇಗೆ ತಿದ್ದಿದರೆಂಬುದನ್ನೂ ಸಾಲುಸಾಲಾಗಿ ಓದಿಸಿಕೊಂಡರು. ನಡುವೆ ಒಂದು ಕಡೆ, "ಅಲ್ಲಿ ತಪ್ಪತಾರ ನೋಡು" ಎಂದರು. ಮುಂದಿನ ಸಾಲಿನಲ್ಲಿ ಟೀಚರ್ ಅದನ್ನು ಬೇರೆಯೇ ದಾರಿಯಿಂದ ದಾಟಿದ್ದರು. ಸರ್ ತಲೆದೂಗಿದರು.

"ನೀವು ಆರಾಮ ಅದೀರಿ ಅಂತ ಈಗ ಹಾಕತೇನ್ರಿ ಸರ್. ಫೋಟೋನೂ ತಗೀತೇನಿ" ಎಂದೆ.

"ಹಾಕು. ಪಾಪ, ಮಂದಿ ಅಳಾಕತ್ತಾರ." ಕನ್ನಡಕ ಸರಿಮಾಡಿಕೊಂಡು ಮತ್ತೆ ಹೇಳಿದರು: "ಖರೇ ಹೇಳ್ತೇನಿ ತಂಗಿ, ನಾ ಸತ್ತಮ್ಯಾಲ ಇದರದೇನು ಗತಿ ಅಂತ ಭಾಳ ಹೆದರಿದ್ದೆ. ಈಗ ನೋಡಿಬಿಟ್ಟೆ. ಎಲ್ಲಾರಿಗೂ ಸಿಗೂದಲ್ಲ ಇದು."

ಕಪ್ಪು ಕನ್ನಡಕದ ಕೆಳಗಿಂದ ನೀರು ಇಳಿಯುತ್ತಿತ್ತು. ಇಂಥವರಿಗೆ ಕೆಲಸ ಮಾಡಿಕೊಟ್ಟೆನಲ್ಲ ಎಂದು ಹೆಮ್ಮೆಯಾಯಿತು. ಅಕ್ಕ ಕಣ್ಣಿನ ಔಷಧಿ ಹಿಡಿದು ಬಂದು, "ಆಪರೇಷನ್ ಆದ ಕಣ್ಣು, ಅಳಬ್ಯಾಡ್ರಿ ಅಂದಾರ ಡಾಕ್ಟ್ರು" ಎಂದು ಗದರಿದರು. ಸರ್ ಕನ್ನಡಕ ತೆಗೆದು, ತಲೆ ಹಿಂದಕ್ಕೆ ಚೆಲ್ಲಿ, ಹನಿ ಹಾಕಿಸಿಕೊಳ್ಳುತ್ತಲೇ ನನ್ನತ್ತ ಕೈ ಮಾಡಿ ಮುಂದಿನದನ್ನು ಓದು ಎಂದರು.