ಏಳನೇ ಕಪ್ಪೆಯ ವರದಿ

ಕಪ್ಪೆಗಳ ಡಿಎನ್‌ಎ ಓದಿ ಪ್ರಭೇದ ಹೇಳುವ ಪ್ರಯೋಗಾಲಯದಿಂದ ಫೋನ್ ಬಂತು. "ಮೇಡಂ, ನಿಮ್ಮ ಏಳನೇ ಕಪ್ಪೆ ಮನುಷ್ಯ ಅಂತ ಬಂದಿದೆ."

ಹಿರೇನಲ್ಲೂರಿನ ಬಾವಿಯೊಂದರಲ್ಲಿ ಸಿಕ್ಕಿದ್ದ ಆ ಕಪ್ಪೆ ಹೊಸ ಪ್ರಭೇದವಿರಬಹುದೆಂದು ನಂಬಿದ್ದೆ. ಅದರ ಬಾಯಿಗೆ ಹತ್ತಿಕಡ್ಡಿ ಸವರಿ, ಕಪ್ಪೆಯನ್ನು ಅಲ್ಲೇ ಬಿಟ್ಟು, ಕಡ್ಡಿಯನ್ನಷ್ಟೇ ಪರೀಕ್ಷೆಗೆ ಕಳಿಸಿದ್ದೆವು. ಕಡ್ಡಿಗೆ ಯಾರದೋ ಬರಿಗೈ ತಾಗಿರಬೇಕು. ಗ್ಲೌಸ್ ಇಲ್ಲದೆ ಏನನ್ನೂ ಮುಟ್ಟಬಾರದೆಂದು, ನಮ್ಮ ಕಾನ್ವೆಂಟಿನ ಸಿಸ್ಟರುಗಳ ಹಾಗೆ, ಎಲ್ಲರನ್ನೂ ಗದರುವವಳು ನಾನು.

ಮರುದಿನವೇ ಹೋಗಿ ಬಾವಿಯ ಯಜಮಾನರನ್ನು ವಿಚಾರಿಸಿದೆ.

"ನಾನ್ಯಾಕೆ ಮುಟ್ಲಿ? ನಮ್ಮವ್ಳು ಕುಂಕುಮ ಕೊಟ್ಟಾಗ ನೀವೇ ಗ್ಲೌಸ್ ಬಿಚ್ಚಿದ್ರಿ ಕಣಮ್ಮ. ಆಮೇಲೆ ಹಾಕ್ಕೊಂಡ್ರಾ?"

ಹಾಕಿಕೊಂಡಿರಲಿಲ್ಲ. ಆದರೆ ಮುತ್ತೈದೆಯೊಬ್ಬಳು ತಟ್ಟೆ ಹಿಡಿದು ನಿಂತಾಗ ರಬ್ಬರಿನ ಬೆರಳಿಂದ ಕುಂಕುಮ ತೆಗೆದುಕೊಳ್ಳಲಾದೀತೆ?

ಅವರ ಹೆಂಡತಿ ಸೆರಗು ಬಾಯಿಗೊತ್ತಿಕೊಂಡಳು. "ಹಂಗಾದ್ರೆ ಆ ಕಪ್ಪೆ ನೀವೇ ಕಣ್ರೀ!"

ಮೂರು ದಿನ ಬಾವಿಗೆ ಜನರನ್ನಿಳಿಸಿ ಹುಡುಕಿಸಿದೆ. ಕಪ್ಪೆ ಸಿಗಲಿಲ್ಲ. ಕೊನೆಗೆ, ತಪ್ಪು ನನ್ನದೇ ಎಂದು ಪ್ರಯೋಗಾಲಯಕ್ಕೆ ಬರೆದು ಸಹಿ ಹಾಕಿ ಕಳಿಸಿದೆ. ಡಿಎನ್‌ಎ ಓದಿದ ಅಲ್ಲಿನ ಯಂತ್ರದ ಮೇಲೆ ನನಗೇನೂ ದೂರಿಲ್ಲ. ತನಗೆ ಸಿಕ್ಕ ಪ್ರಾಣಿಯನ್ನು ಅದು ಸರಿಯಾಗಿಯೇ ಗುರುತಿಸಿತ್ತು.