ಕಾಗದದಕ್ಕನ ಶಿಫಾರಸು ಪತ್ರ

ಆ ಲಿಫ್ಟ್ ಕಂಪನಿಯ ಸರ್ವಿಸ್ ಆಫೀಸಿನಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಮೆಕ್ಯಾನಿಕ್‌ಗಳಿಗೆಲ್ಲ ಅವಳು ಕಾಗದದಕ್ಕ. ಹನ್ನೊಂದು ವರ್ಷದಿಂದ ಅಲ್ಲಿಂದ ಹೊರಟ ಕಾಗದವೆಲ್ಲ ಅವಳ ಕೈಯಿಂದಲೇ ಹೊರಟದ್ದು. ಎಲ್ಲೋ ಏಳನೇ ಮಹಡಿಯಲ್ಲಿ ಲಿಫ್ಟ್ ನಿಂತರೆ ಫೋನು ಬರುವುದು ಅವಳ ಮೇಜಿಗೆ. ಯಾವ ಮೆಕ್ಯಾನಿಕ್ ಹತ್ತಿರದಲ್ಲಿದ್ದಾನೆ, ಯಾರ ಚೀಲದಲ್ಲಿ ಬಾಗಿಲಿನ ಸೆನ್ಸರ್ ಇದೆ, ಯಾರು ಈಗಷ್ಟೇ ಊಟಕ್ಕೆ ಕೂತಿದ್ದಾರೆ, ಎಲ್ಲ ಅವಳ ತಲೆಯಲ್ಲೇ ಇರುತ್ತಿತ್ತು. ಆಮೇಲೆ ಸಿಡಿಮಿಡಿಗೊಂಡ ಗಿರಾಕಿಗೆ ಕ್ಷಮೆ ಕೇಳಿ ಕಾಗದ ಬರೆಯುವವಳೂ ಅವಳೇ. ಕೆಳಗಿನ ಸಹಿ ಮಾತ್ರ ಮ್ಯಾನೇಜರರದು.

ಮ್ಯಾನೇಜರರು ಕೆಟ್ಟವರಲ್ಲ. ಗದರಿದವರಲ್ಲ, ಇಲ್ಲಸಲ್ಲದ ತಪ್ಪು ಹುಡುಕಿದವರಲ್ಲ. "ನೋಡ್ಕೊಳ್ಳಿ" ಎಂಬ ಒಂದು ಮಾತಿನಲ್ಲೇ ಇಡೀ ಆಫೀಸನ್ನು ನಡೆಸಿದ ಪುಣ್ಯಾತ್ಮರು. ಏನು ಕೊಟ್ಟರೂ ಓದದೆ ಸಹಿ ಹಾಕುತ್ತಿದ್ದರು. ಅದು ತನ್ನ ಮೇಲಿನ ನಂಬಿಕೆ ಎಂದು ಅವಳು ಒಳಗೊಳಗೇ ಹಿಗ್ಗುತ್ತಿದ್ದಳು.

ಅವರ ನಿವೃತ್ತಿಗೆ ಇನ್ನು ಮೂರು ವರ್ಷವಿತ್ತು. ಆ ಕುರ್ಚಿಗೆ ಬರುವವರಿಗೆ ಮ್ಯಾನೇಜ್‌ಮೆಂಟ್ ಪದವಿ ಇರಲೇಬೇಕೆಂದು ಕಂಪನಿಯ ನಿಯಮ. ಪದವಿ ಹಿಡಿದು ಬಂದ ಇಬ್ಬರು ಅಸಿಸ್ಟೆಂಟ್ ಮ್ಯಾನೇಜರ್‌ಗಳಿಗೆ ಅ ಆ ಇ ಈಯಿಂದ ಕೆಲಸ ಕಲಿಸಿದವಳು ಇವಳು. ಇಬ್ಬರೂ ಕಲಿತಿದ್ದೇ ತಡ ಬೇರೆ ಕಂಪನಿಗೆ ಹಾರಿದರು. ಇನ್ನೊಬ್ಬನಿಗೆ ಕಲಿಸಿ, ಅವನನ್ನೇ ಸರ್ ಎಂದು ಕರೆಯುವಷ್ಟು ತಾಳ್ಮೆ ನಲವತ್ತೆರಡರ ವಯಸ್ಸಿನಲ್ಲಿ ಅವಳಿಗೆ ಉಳಿದಿರಲಿಲ್ಲ.

ಬಸ್ ನಿಲ್ದಾಣದ ಹಿಂದಿನ ಕಾಲೇಜಿನಲ್ಲಿ ಶನಿವಾರ ಭಾನುವಾರ ನಡೆಯುವ ಎರಡೂವರೆ ವರ್ಷದ ಕೋರ್ಸು ಇತ್ತು. ಈ ವರ್ಷ ಸೇರಿದರೆ ಮ್ಯಾನೇಜರರು ಎದ್ದು ಹೋಗುವಷ್ಟರಲ್ಲಿ ಪದವಿ ಕೈಗೆ ಬರುತ್ತದೆ. ಮುಂದಿನ ವರ್ಷವೆಂದರೆ ಬಸ್ಸು ಹೊರಟ ಮೇಲೆ ಕೈ ತೋರಿಸಿದ ಹಾಗೆ. ಅವಳು ಇಷ್ಟು ವರ್ಷ ಅತ್ತ ತಲೆ ಹಾಕದಿದ್ದದ್ದು ಪ್ರವೇಶ ಪರೀಕ್ಷೆಯ ಭಯಕ್ಕೆ. ಮದುವೆಗೆ ಮೊದಲು ಬ್ಯಾಂಕಿನ ಪರೀಕ್ಷೆಗೆ ಮೂರು ಸಲ ಕೂತಿದ್ದಳು. ಮನೆಯಲ್ಲಿ ಪಟಪಟನೆ ಬಿಡಿಸುತ್ತಿದ್ದ ಲೆಕ್ಕ, ಪರೀಕ್ಷೆಯ ಕೋಣೆಯಲ್ಲಿ ಗಡಿಯಾರ ಕಣ್ಣಿಗೆ ಬಿದ್ದ ಕೂಡಲೇ ಹೇಳಹೆಸರಿಲ್ಲದೆ ಹೋಗುತ್ತಿತ್ತು. ಮೂರನೇ ಸಲ ಅರ್ಧಕ್ಕೇ ಎದ್ದು ಬಂದದ್ದನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ಈಗ ಕಾಲೇಜಿನವರು ಹೊಸ ಪ್ರಕಟಣೆ ಹಾಕಿದ್ದರು. ಹತ್ತು ವರ್ಷ ಅನುಭವ ಇದ್ದವರು ಪರೀಕ್ಷೆಯ ಅಂಕ ತರಬೇಕಾಗಿಲ್ಲ. ಕೆಲಸದಲ್ಲಿ ತಾವೇ ತೆಗೆದುಕೊಂಡ ಒಂದು ತೀರ್ಮಾನದ ಬಗ್ಗೆ ಎರಡು ಪುಟ ಬರೆದು, ಮೇಲಧಿಕಾರಿಯ ಶಿಫಾರಸು ಪತ್ರ ಲಗತ್ತಿಸಿ, ಸಂದರ್ಶನಕ್ಕೆ ಬಂದರೆ ಸಾಕು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಅವಳ ಗಂಡ ಅದನ್ನು ಎರಡು ಸಲ ಓದಿ, "ಇದು ನಿನಗೇ ಅಂತ ಬರೆದ ಹಾಗಿದೆ ಕಣೇ" ಅಂದ. ಅವಳಿಗೂ ಹಾಗೇ ಅನ್ನಿಸಿತ್ತು, ಬಾಯಿಬಿಟ್ಟು ಹೇಳಿದರೆ ಎಲ್ಲಿ ಕೈತಪ್ಪುತ್ತದೋ ಎಂದು ಸುಮ್ಮನಿದ್ದಳು.

ಎರಡು ಪುಟ ಬರೆಯುವುದು ಕಷ್ಟವಾಗಲಿಲ್ಲ. ಎರಡು ವರ್ಷದ ಹಿಂದೆ ಒಂದು ಆಸ್ಪತ್ರೆಯ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿತ್ತು. ಒಳಗೆ ಹೆರಿಗೆ ನೋವಿನ ಹೆಂಗಸು, ಜೊತೆಗೊಬ್ಬಳು ನರ್ಸು. ಹತ್ತಿರದ ಮೆಕ್ಯಾನಿಕ್ ಬರಲು ಅರ್ಧ ಗಂಟೆ ಬೇಕು. ಕಂಪನಿಯವರಲ್ಲದೆ ಬೇರೆ ಯಾರೂ ಬಾಗಿಲು ಮುಟ್ಟಬಾರದೆಂದು ನಿಯಮ. ಮ್ಯಾನೇಜರರು ರಜೆಯಲ್ಲಿದ್ದರು, ಅವರ ಫೋನು ಬಂದ್ ಆಗಿತ್ತು. ಆಫೀಸಿನಲ್ಲಿ ಅವಳೊಬ್ಬಳೇ. ಅವಳು ಆಸ್ಪತ್ರೆಯ ವಾಚ್‌ಮ್ಯಾನನ್ನು ಫೋನಿನಲ್ಲಿ ಹಿಡಿದುಕೊಂಡು, ಮೊದಲು ಕರೆಂಟು ತೆಗೆಸಿ, ತುರ್ತು ಕೀಲಿ ಎಲ್ಲಿದೆಯೆಂದು ಹೇಳಿ, ಒಂದೊಂದೇ ಹೆಜ್ಜೆ ಹೇಳಿಕೊಟ್ಟು ಬಾಗಿಲು ತೆರೆಸಿದಳು. ಹೆಚ್ಚುಕಡಿಮೆಯಾಗಿದ್ದರೆ ಕೆಲಸ ಹೋಗುವುದಿರಲಿ, ಜೈಲಿಗೇ ಹೋಗಬೇಕಿತ್ತು. ರಜೆ ಮುಗಿಸಿ ಬಂದ ಮ್ಯಾನೇಜರರಿಗೆ ನಡೆದದ್ದೆಲ್ಲ ಹೇಳಿದಾಗ ಅವರು, "ನೋಡ್ಕೊಂಡ್ರಲ್ಲ, ಬಿಡಿ" ಅಂದಿದ್ದರು.

ಕಷ್ಟವಾದದ್ದು ಶಿಫಾರಸು ಪತ್ರ. ಕೇಳಿದ ಕೂಡಲೇ ಮ್ಯಾನೇಜರರು ಒಪ್ಪಿದರು.

"ಧಾರಾಳವಾಗಿ. ನೀವೇ ಬರ್ಕೊಂಡು ಬನ್ನಿ, ಸೈನ್ ಹಾಕ್ತೀನಿ. ನಿಮಗಿಂತ ಚೆನ್ನಾಗಿ ನಂಗೆ ಬರೆಯೋಕೆ ಬರುತ್ತಾ?"

ಅದು ಅಲ್ಲಿನ ರೂಢಿಯೇ. ಕೆಲಸ ಬಿಟ್ಟು ಹೋಗುವ ಮೆಕ್ಯಾನಿಕ್‌ಗಳಿಗೆಲ್ಲ ಪತ್ರ ಬರೆದುಕೊಟ್ಟವಳು ಅವಳೇ. ಸೋಮಾರಿಯನ್ನು ಸಮಾಧಾನಿ ಎಂದು, ಜಗಳಗಂಟನನ್ನು ನೇರ ನಡೆಯವನು ಎಂದು ಬರೆದ ಚತುರೆ. ಈಗ ಊರವರ ಬೆನ್ನೆಲ್ಲ ತಟ್ಟಿದ ಕೈಗೆ ತನ್ನ ಬೆನ್ನು ಎಟುಕಲಿಲ್ಲ. ಮೂರು ದಿನ ಬರೆದು ಬರೆದು ಹರಿದಳು. ತನ್ನನ್ನು ತಾನೇ ಹೊಗಳಿಕೊಳ್ಳಲು ಅವಳಿಗೆ ನಿಜವಾಗಿಯೂ ನಾಚಿಕೆಯಾಗುತ್ತಿತ್ತು.

ಹದಿನೇಳರ ಮಗಳು ದಾರಿ ತೋರಿಸಿದಳು. "ಅಮ್ಮಾ, ಬೇರೆ ಯಾರ ಬಗ್ಗೆನೋ ಅಂದ್ಕೊಂಡು ಬರಿಯಮ್ಮಾ. ನಿಮ್ಮ ಮೆಕ್ಯಾನಿಕ್‌ಗಳಿಗೆ ಬರೀತೀಯಲ್ಲ, ಹಾಗೆ."

ಹಾಗೆಯೇ ಬರೆದಳು. ಕೈ ಓಡಿತು. ಆಸ್ಪತ್ರೆಯ ಸಂಗತಿ ಬರೆದು, ಪ್ರತಿ ಪತ್ರದಲ್ಲೂ ಹಾಕುತ್ತಿದ್ದ ಆ ಮಾಮೂಲು ಸಾಲನ್ನೂ ಸೇರಿಸಿದಳು: "ಇವರ ಕೆಲಸವನ್ನು ನಾನು ಪಕ್ಕದಲ್ಲೇ ನಿಂತು ಕಣ್ಣಾರೆ ಕಂಡಿದ್ದೇನೆ." ಆ ಸಾಲಿದ್ದರೆ ಪತ್ರಕ್ಕೊಂದು ತೂಕ. ಇಷ್ಟು ವರ್ಷದಲ್ಲಿ ಯಾರೂ ಅದನ್ನು ಪ್ರಶ್ನಿಸಿರಲಿಲ್ಲ. ಮ್ಯಾನೇಜರರು ಎಂದಿನಂತೆ ಓದದೆ ಸಹಿ ಹಾಕಿ, "ಆಲ್ ದಿ ಬೆಸ್ಟ್" ಅಂದರು.

ಸಂದರ್ಶನದ ಕೋಣೆಯಲ್ಲಿ ಒಬ್ಬರು ಪ್ರಾಧ್ಯಾಪಕಿ, ಒಬ್ಬರು ಗುಮಾಸ್ತರು ಕೂತಿದ್ದರು. ಪ್ರಾಧ್ಯಾಪಕಿ ಅರ್ಧ ಗಂಟೆ ಚೆನ್ನಾಗಿಯೇ ಮಾತಾಡಿದರು. ಲಿಫ್ಟಿನ ಬಗ್ಗೆ ಕುತೂಹಲದಿಂದ ಕೇಳಿದರು, ನಕ್ಕರು. ಸೀಟು ಸಿಕ್ಕ ಹಾಗೇ ಎಂದು ಅವಳ ಎದೆ ಹಗುರಾಗುವಷ್ಟರಲ್ಲಿ ಅವರು ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟರು.

"ನೀವು ಬರೆದಿದ್ರಲ್ಲಿ ಅವತ್ತು ಆಫೀಸಲ್ಲಿ ಒಬ್ಬಳೇ ಇದ್ದೆ ಅಂತಿದೆ. ನಿಮ್ಮ ಮ್ಯಾನೇಜರ್ ಪಕ್ಕದಲ್ಲೇ ನಿಂತು ನೋಡಿದೆ ಅಂತಾರೆ. ಯಾವುದು ನಿಜ?"

ಮ್ಯಾನೇಜರರು ಆಮೇಲೆ ಬಂದರು ಎಂದು ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆಂದರೆ ಆಸ್ಪತ್ರೆಯ ಆ ಅರ್ಧ ಗಂಟೆಯಲ್ಲಿ ಅವರಿಗೂ ಪಾಲು ಕೊಟ್ಟಂತಾಗುತ್ತಿತ್ತು. ಅದೊಂದನ್ನು ಹಂಚಿಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ.

"ಒಬ್ಬಳೇ ಇದ್ದೆ ಮೇಡಂ."

"ಹಾಗಾದ್ರೆ ಈ ಪತ್ರ?"

"ನಾನೇ ಬರೆದದ್ದು. ಸಹಿ ಅವರದು."

ಗುಮಾಸ್ತರು ಬರೆಯುವುದನ್ನು ನಿಲ್ಲಿಸಿದರು. ಪ್ರಾಧ್ಯಾಪಕಿಯ ಮುಖದಲ್ಲಿ ಸಿಟ್ಟಿರಲಿಲ್ಲ, ಅವಳಿಗೆ ಅದೇ ಹೆಚ್ಚು ಚುಚ್ಚಿತು. "ಪರೀಕ್ಷೆ ಬೇಡ ಅನ್ನೋದು ಈ ಪತ್ರ ನಂಬಿ ಅಮ್ಮಾ. ನೀವು ನಿಜ ಹೇಳಿದ್ರಿ, ಅದಕ್ಕೆ ಇನ್ನೊಂದು ಅವಕಾಶ ಕೊಡ್ತೀನಿ. ಅವರ ಕೈಯಿಂದಲೇ ಬರೆಸ್ಕೊಂಡು ಬನ್ನಿ, ಶುಕ್ರವಾರದೊಳಗೆ."

ಮ್ಯಾನೇಜರರು ಕೇಳಿ ಮೊದಲು ಕೆಂಪಾದರು. "ಹೇಳೇ ಬಿಟ್ರಾ? ನನ್ನ ಮರ್ಯಾದೆ ಏನಾಗ್ಬೇಡ?" ಆಮೇಲೆ ಪಾಪ, ಅವಳ ಮುಖ ನೋಡಿ ಬಿಳಿ ಹಾಳೆ ಎಳೆದುಕೊಂಡರು. ಪೆನ್ನಿನ ತುದಿಯನ್ನು ನೋಡುತ್ತಾ ತುಂಬ ಹೊತ್ತು ಕೂತರು.

"ನೀವು ಇಲ್ಲಿಗೆ ಬಂದು ಐದಾರು ವರ್ಷ ಆಯ್ತಲ್ವಾ?"

"ಹನ್ನೊಂದು ಸರ್."

"ಹೌದಾ! ಅದೇನೋ ಆಸ್ಪತ್ರೆ ವಿಷಯ ಅಂದ್ರಲ್ಲ, ಯಾವುದದು?"

ಅವಳು ಅವರನ್ನೇ ನೋಡಿದಳು. ಅವರು ಹುಡುಗಾಟಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ನೆನಪಿರಲಿಲ್ಲ. ಓದದೆ ಹಾಕಿದ ಸಹಿಯನ್ನು ನಂಬಿಕೆಯೆಂದು ಹನ್ನೊಂದು ವರ್ಷ ಹಿಗ್ಗಿದ ತನ್ನ ಪೆದ್ದುತನಕ್ಕೆ ಅವಳಿಗೆ ಅಳುವೂ ಬಂತು, ನಗುವೂ ಬಂತು.

"ಸರಿ, ನೀವು ಹೇಳ್ತಾ ಹೋಗಿ, ನಾನು ಬರ್ಕೊಳ್ತೀನಿ. ಅಕ್ಷರ ನಂದೇ ಆಗುತ್ತಲ್ಲ," ಅಂದರು ಅವರು.

ನಾಲಿಗೆಯ ತುದಿಗೆ ಇಡೀ ಪತ್ರ ಬಂದಿತ್ತು. ಹೇಳಿದ್ದರೆ ಸೀಟು ಅವಳದೇ. ಯಾರಿಗೂ ತಿಳಿಯುತ್ತಿರಲಿಲ್ಲ.

"ಬೇಡ ಸರ್. ನಿಮಗೆ ಗೊತ್ತಿರೋದನ್ನ ಬರೀರಿ."

ಅವರು ಬರೆದದ್ದು ನಾಲ್ಕು ಸಾಲು. ಈಕೆ ಸಮಯಕ್ಕೆ ಸರಿಯಾಗಿ ಬರುತ್ತಾರೆ. ಹೇಳಿದ ಕೆಲಸ ಮಾಡುತ್ತಾರೆ. ಇವರ ಕಾಗದಗಳಲ್ಲಿ ತಪ್ಪಿರುವುದಿಲ್ಲ. ಒಳ್ಳೆಯ ಸ್ವಭಾವ. "ತಪ್ಪೇನಾದ್ರೂ ಇದ್ರೆ ತಿದ್ದಿಬಿಡಿ," ಎಂದು ಮಾಮೂಲಿನಂತೆ ಹಾಳೆಯನ್ನು ಅವಳತ್ತ ತಳ್ಳಿದರು. ಅವಳು ಏನೂ ತಿದ್ದದೆ ಲಕೋಟೆಗೆ ಹಾಕಿ ಅಂಟಿಸಿದಳು. ಕಾಲೇಜಿಗೆ ಹೋಗುವ ದಾರಿಯುದ್ದಕ್ಕೂ "ಹೇಳಿದ ಕೆಲಸ" ಎಂಬ ಎರಡು ಮಾತು ಅವಳನ್ನು ತಿನ್ನುತ್ತಿತ್ತು. ಅವರು ಯಾವತ್ತು, ಯಾವ ಕೆಲಸ ಹೇಳಿದ್ದರು?

ಸೋಮವಾರ ಗುಮಾಸ್ತರು ಫೋನು ಮಾಡಿದರು. ಈ ಪತ್ರದ ಮೇಲೆ ಪರೀಕ್ಷೆಯನ್ನು ಬಿಡಲು ಬರುವುದಿಲ್ಲ. ಸೇರಬೇಕೆಂದಿದ್ದರೆ ಪ್ರವೇಶ ಪರೀಕ್ಷೆ ಬರೆಯಬೇಕು, ಇನ್ನು ಮೂರು ವಾರವಿದೆ.

ಅವಳು ಗಂಡನಿಗೆ ಎಲ್ಲ ಹೇಳಿದಳು. ಪರೀಕ್ಷೆಯಿಂದ ಅರ್ಧಕ್ಕೇ ಎದ್ದು ಬಂದ ಹಳೆಯ ಕಥೆಯನ್ನೂ ಹೇಳಿಬಿಟ್ಟಳು. ಅವನು "ಬಿಟ್ಟುಬಿಡು ಅಂತ ನಾನು ಹೇಳಲ್ಲ. ಬರಿ ಅಂತಾನೂ ಹೇಳಲ್ಲ," ಅಂದ.

ಭಾನುವಾರ ಬೆಳಿಗ್ಗೆ ಮಗಳು ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪ್ರಶ್ನೆಪತ್ರಿಕೆ ಇಟ್ಟು, ಗಡಿಯಾರ ಎದುರಿಗಿಟ್ಟಳು. ಇಪ್ಪತ್ತೈದು ಪ್ರಶ್ನೆ, ಮೂವತ್ತು ನಿಮಿಷ. ಮೂರನೇ ಪ್ರಶ್ನೆಗೇ ಅಕ್ಷರಗಳು ಕಣ್ಣಿಗೆ ಕಂಡರೂ ತಲೆಗೆ ಹೋಗಲಿಲ್ಲ. ಏಳಬೇಕೆಂದು ಕುರ್ಚಿ ಹಿಂದಕ್ಕೆ ತಳ್ಳಿದಳು.

"ಮುಂದಿನದಕ್ಕೆ ಹೋಗಮ್ಮಾ," ಅಂದಳು ಮಗಳು ಮೆಲ್ಲಗೆ.

ಅವಳು ಕುರ್ಚಿಯನ್ನು ಮತ್ತೆ ಎಳೆದುಕೊಂಡಳು. ಮೂವತ್ತು ನಿಮಿಷ ಮುಗಿಯುವ ತನಕ ಬೆವರುತ್ತ ಕೂತಳು. ಮಗಳು ತಿದ್ದಿದಳು, ಒಂದು ಸಲ ಎಣಿಸಿ, ಇನ್ನೊಂದು ಸಲ ಎಣಿಸಿ, ಹೇಳಲೋ ಬೇಡವೋ ಎಂಬಂತೆ ಪಕ್ಕದಲ್ಲಿ ನಿಂತಿದ್ದ ತಂದೆಯ ಮುಖ ನೋಡಿದಳು.

"ಒಂಬತ್ತು ಬಂದಿದೆ. ಪರವಾಗಿಲ್ಲಮ್ಮಾ, ಮೊದಲನೇ ಸಲ ಅಲ್ವಾ..."

ಅವಳು ಹಾಳೆಯನ್ನು ಕಿತ್ತುಕೊಂಡು ಸರಿ ಗುರುತುಗಳ ಮೇಲೆ ಒಂದೊಂದಾಗಿ ಬೆರಳಿಟ್ಟಳು. ಕಣ್ಣು ತುಂಬಿ ಬಂದಿತ್ತು.

"ಈ ಒಂಬತ್ತು ನಂದೇ ಕಣೇ," ಅಂದಳು. "ಇದಕ್ಕೆ ಯಾರ ಸೈನೂ ಬೇಡ."

ಆಮೇಲೆ ಮೂಗು ಒರೆಸಿಕೊಂಡು, ಇನ್ನೊಂದು ಪ್ರಶ್ನೆಪತ್ರಿಕೆ ಕೊಡು ಎಂದು ಕೈ ಚಾಚಿದಳು.