ಐದು ಸುತ್ತಿನ ಗಂಟು

ಗೋಗಿಯಲ್ಲಿ ನನ್ನ ದೋಸ್ತ ಹುಣಸೆ ಮರದಲ್ಲಿ ಎರಡು ತಾಸು ತೂಗಾಡಿದ್ದಕ್ಕೆ ಕಾರಣ ನಾನು. ಹಗ್ಗ ಹೊಸದಿತ್ತು, ಅವನೂ ದಪ್ಪಗಿದ್ದ ಎಂದು ಊರವರ ಮುಂದೆ ಇಷ್ಟು ದಿನ ಹೇಳಿಕೊಂಡು ಬಂದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಆ ಮಾತಿನ ಹಿಂದೆ ನಾನು ಅಡಗಿಕೊಂಡಿದ್ದೆ. ವಯಸ್ಸು ಎಪ್ಪತ್ತಕ್ಕೆ ಬಂತು, ಇನ್ನು ಅಡಗಿ ಮಾಡುವುದೇನಿದೆ.

ನಾವಿಬ್ಬರೂ ಶಹಾಪುರ, ಸುರಪುರದ ಕಡೆ ಮನೆಗಳ ಮೇಲೆ ಬಾಗಿದ ಕೊಂಬೆ ಕಡಿಯುವ ಕೆಲಸ ಮಾಡುತ್ತಿದ್ದೆವು. ಅವನು ನನಗಿಂತ ಹತ್ತು ವರ್ಷ ಚಿಕ್ಕವನು, ಮೂವತ್ತು ಕಿಲೋ ದೊಡ್ಡವನು. ಮೊದಲೆಲ್ಲ ಬರಿಗಾಲಲ್ಲಿ ಹತ್ತಿ ಕೊಂಬೆ ತಬ್ಬಿಕೊಂಡು ಕೊಡಲಿ ಬೀಸುತ್ತಿದ್ದೆವು. ಶಹಾಪುರದಲ್ಲಿ ಮೊಬೈಲ್ ಟವರಿಗೆ ಬಣ್ಣ ಹೊಡೆಯಲು ಬಂದವನೊಬ್ಬನಿಂದ ನಾನು ಒಂದು ಗಂಟು ಕಲಿತೆ. ಗಟ್ಟಿ ಕೊಂಬೆಯ ಮೇಲಿಂದ ದಪ್ಪ ಹಗ್ಗ ಹಾಯಿಸಿ ಒಂದು ತುದಿಯನ್ನು ಸೊಂಟದ ಪಟ್ಟಿಗೆ ಕಟ್ಟಬೇಕು. ಇಳಿಬಿದ್ದ ಇನ್ನೊಂದು ಎಳೆಯ ಮೇಲೆ ಸಣ್ಣ ಹಗ್ಗವೊಂದನ್ನು ಸುತ್ತಿ, ಅದನ್ನೂ ಪಟ್ಟಿಗೆ ಸಿಕ್ಕಿಸಬೇಕು. ಮೈಭಾರ ಬಿಟ್ಟರೆ ಆ ಸುತ್ತುಗಳು ದಪ್ಪ ಹಗ್ಗವನ್ನು ಕಚ್ಚಿ ಹಿಡಿಯುತ್ತವೆ. ಕೈಯಿಂದ ಮೆಲ್ಲಗೆ ಕೆಳಗೆ ಒತ್ತಿದರೆ ಜಾರುತ್ತವೆ, ನಾವೂ ಇಳಿಯುತ್ತೇವೆ.

ಎಷ್ಟು ಸುತ್ತು ಹಾಕಬೇಕು ಎಂಬುದಕ್ಕೆ ನಿಗದಿಯಾದ ಲೆಕ್ಕವಿಲ್ಲ ಎಂದು ಟವರಿನವನು ಸರಿಯಾಗಿಯೇ ಹೇಳಿಕೊಟ್ಟಿದ್ದ. ಮೈತೂಕ ನೋಡಬೇಕು, ಹಗ್ಗ ಸಣ್ಣದೋ ದಪ್ಪವೋ, ಹೊಸದೋ ಸವೆದದ್ದೋ ನೋಡಬೇಕು. ಹತ್ತುವ ಮೊದಲು ನೆಲದಿಂದ ಗೇಣೆತ್ತರದಲ್ಲಿ ಕುಳಿತು ತೂಗಾಡಬೇಕು. ಜಾರಿದರೆ ಒಂದು ಸುತ್ತು ಹೆಚ್ಚಿಸು, ಬಿಗಿದರೆ ಒಂದು ಇಳಿಸು, ಅಷ್ಟೆ.

ಮನೆಗೆ ಬಂದು ದೋಸ್ತನಿಗೆ ಗಂಟು ತೋರಿಸಿದೆ. "ಎಷ್ಟ್ ಸುತ್ತು ಹಾಕಬೇಕು?" ಎಂದು ಕೇಳಿದ. ಅವನು ಮೂರನೆಯ ತರಗತಿಗೆ ಶಾಲೆ ಬಿಟ್ಟವನು, ನಾನು ಹತ್ತನೇ ಪಾಸು. ನೋಡಿ ಹೇಳಬೇಕು ಅಂದರೆ ನನ್ನ ಕಿಮ್ಮತ್ತು ಏನುಳಿಯಿತು?

"ಐದು," ಅಂದೆ.

"ಐದ ಯಾಕ?"

"ನಮಃ ಶಿವಾಯ ಅಂದ್ರ ಎಷ್ಟು ಅಕ್ಷರ ಆದವು?"

ಅವನು ಬೆರಳು ಮಡಚಿ ಎಣಿಸಿದ. ಕಣ್ಣು ಮುಚ್ಚಿ ಕೊರಳ ಲಿಂಗ ಮುಟ್ಟಿಕೊಂಡ. ಅವತ್ತಿನಿಂದ ಒಂದೊಂದು ಸುತ್ತಿಗೂ ಒಂದೊಂದು ಅಕ್ಷರ ಹೇಳುತ್ತ ಗಂಟು ಹಾಕತೊಡಗಿದ.

ಸುದ್ದಿ ಗೋಗಿಯ ಚಹಾದ ಹೋಟೆಲಿಗೆ ಮುಟ್ಟಿತು. ಅಲ್ಲಿ ದಿನಾ ಕೂಡುವ ಕಿರಾಣಿ ಅಂಗಡಿಯವನು, "ವಿಭೂತಿ ಎಷ್ಟು ಗೆರಿ? ಮೂರು. ಮತ್ತ ಮೂರು ಸುತ್ತು ಸಾಕಲ್ಲ?" ಎಂದು ವಾದ ಹೂಡಿದ. ಇನ್ನೊಬ್ಬ ಹಿರಿಯರು ಓಂಕಾರ ಬಿಟ್ಟಿದ್ದೀರಿ, ಆರಾಗಬೇಕು ಎಂದು ತಕರಾರು ತೆಗೆದರು. ಮರ ಹತ್ತುವವರು ನಾವಿಬ್ಬರೇ ಆದರೂ ಊರು ಮೂರು ಪಕ್ಷವಾಯಿತು. ಹಳೆಯ ಹಗ್ಗ ಇದ್ದಷ್ಟು ದಿನ ಐದು ಸುತ್ತು ಸರಿಯಾಗಿಯೇ ನಡೆದದ್ದರಿಂದ ಗೆದ್ದವನು ನಾನೇ. ಜನ ನನ್ನನ್ನು ಮಾಸ್ತರ ಎಂದು ಕರೆಯತೊಡಗಿದರು. ನಾನು ಬೇಡ ಅನ್ನಲಿಲ್ಲ.

ದೋಸ್ತನ ಮಗಳು ಶಹಾಪುರದಲ್ಲಿ ಬಿ.ಎಡ್. ಓದುತ್ತಿದ್ದಳು. ಅದೇ ಕಾಲೇಜಿನಲ್ಲಿ ಕಕ್ಕೇರಾದ ಹುಡುಗನೊಬ್ಬನಿದ್ದ. ಇಬ್ಬರಿಗೂ ಮನಸ್ಸಿತ್ತು. ಅವಳು ತಾಯಿಗೆ ಹೇಳಿದಳು, ತಾಯಿ ತಂದೆಗೆ ಹೇಳಿದಳು, ತಂದೆ ಈ ವರನನ್ನು ತಾನೇ ಹುಡುಕಿದ್ದೆಂದು ಊರಿಗೆಲ್ಲ ಹೇಳಿದ. ಕಕ್ಕೇರಾದವರು ಹೆಣ್ಣು ನೋಡಲು ಬರುವ ದಿನ ಗೊತ್ತಾಯಿತು. ಈ ಸಂಬಂಧ ತಪ್ಪಿದರೆ ಇನ್ನೊಂದು ಬೇಡ ಎಂದು ಹುಡುಗಿ ತಾಯಿಯ ಹತ್ತಿರ ಅಂದಿದ್ದಳಂತೆ.

ಅವರ ಅಂಗಳದ ಹುಣಸೆಯಲ್ಲಿ ಒಂದು ಒಣ ಕೊಂಬೆಯಿತ್ತು. ಸರಿಯಾಗಿ ಅದರ ಕೆಳಗೇ ಜಮಖಾನೆ ಹಾಸುವುದಿತ್ತು. "ಬೀಗರ ತಲಿ ಮ್ಯಾಲ ಬಿದ್ರ ಲಗ್ನಾನೂ ಅದ್ರ ಸಂಗಾಟ ಬೀಳ್ತದ," ಎಂದು ದೋಸ್ತ ಆ ಬೆಳಿಗ್ಗೆಯೇ ಹತ್ತಲು ನಿಂತ. ಇಳಿದ ಮೇಲೆ ಹೊತ್ತು ಹಾಳಾಗಬಾರದೆಂದು ಸ್ನಾನ ಮಾಡಿ, ಇಸ್ತ್ರಿಯ ಧೋತರ, ಬಿಳಿ ಅಂಗಿ ಹಾಕಿಕೊಂಡೇ ಬಂದಿದ್ದ. ಅಂಗಿ ಕೊಳೆಯಾಗದಿರಲೆಂದು ಗಂಟು ನಾನೇ ಹಾಕಿದೆ. ಅಕ್ಷರ ಅವನು ಹೇಳಿದ, ಸುತ್ತು ನಾನು ಸುತ್ತಿದೆ. ಸಣ್ಣ ಹಗ್ಗ ಹಿಂದಿನ ದಿನವಷ್ಟೇ ಯಾದಗಿರಿಯಿಂದ ತಂದದ್ದು, ಹಳೆಯದಕ್ಕಿಂತ ತೆಳ್ಳಗಿತ್ತು. ಗೇಣೆತ್ತರದಲ್ಲಿ ಕೂರಿಸಿ ನೋಡಲಿಲ್ಲ. ಮಂತ್ರಕ್ಕೆ ಪರೀಕ್ಷೆ ಎಲ್ಲಿಯದು?

ಕೊಂಬೆ ಚೆಂದಾಗಿ ಬಿತ್ತು. ದೋಸ್ತ ಇಳಿಯಲೆಂದು ಹಗ್ಗದ ಮೇಲೆ ಭಾರ ಬಿಟ್ಟ. ಬುಡದಿಂದ ದೂರ ತೂಗಿ ನಿಂತ. ಕಾಲಿಗಾಗಲಿ ಕೈಗಾಗಲಿ ಸುತ್ತ ಒಂದು ಟೊಂಗೆಯೂ ಸಿಗದು. ಊರಿನ ಉದ್ದನೆಯ ಏಣಿ ತಂದು ನಾಲ್ವರು ಹಿಡಿದು ನಿಲ್ಲಿಸಿದರೆ ಅವನ ಪಾದಕ್ಕಿಂತ ಒಂದಾಳು ಕೆಳಗೇ ಮುಗಿಯಿತು.

"ದೋಸ್ತ, ಇದು ಬಿಡವಲ್ದು."

"ಒತ್ತು."

"ಒತ್ತಾಕತ್ತೇನಿ. ಐದೂ ಕೂಡಿ ಹಿಡದಾವ."

ಏನಾಗಿದೆ ಎಂದು ನನಗೆ ಆಗಲೇ ತಿಳಿಯಿತು. ತೆಳು ಹಗ್ಗ ಹೆಚ್ಚು ಕಚ್ಚುತ್ತದೆ, ಅದರ ಮೇಲೆ ಆ ಮೈಭಾರಕ್ಕೆ ಐದು ಸುತ್ತು ಹೆಚ್ಚು. ಉಪಾಯವೂ ಗೊತ್ತಿತ್ತು. ಅವನ ಸೊಂಟದಲ್ಲಿ ಇನ್ನೊಂದು ತುಂಡು ಹಗ್ಗವಿತ್ತು. ಅದನ್ನು ಗಂಟಿನ ಮೇಲ್ಗಡೆ ದಪ್ಪ ಹಗ್ಗಕ್ಕೆ ಕಟ್ಟಿ, ತುದಿಗೆ ಕುಣಿಕೆ ಮಾಡಿ, ಅದರಲ್ಲಿ ಕಾಲಿಟ್ಟು ಎದ್ದು ನಿಂತರೆ ಗಂಟಿನ ಭಾರ ಇಳಿಯುತ್ತದೆ. ಆಗ ಒಂದು ಸುತ್ತು ಬಿಚ್ಚಿದರೆ ಆಯಿತು. ಐದು ನಿಮಿಷದ ಕೆಲಸ. ಆದರೆ ಅಷ್ಟರಲ್ಲಿ ಮಂದಿ ಕೂಡಿದ್ದರು. ಮುಂದಿನ ಸಾಲಿನಲ್ಲೇ ಮೂರು ಗೆರೆಯ ಕಿರಾಣಿಯವನಿದ್ದ.

"ಏನ್ರಿ ಮಾಸ್ತರ, ಐದು ಹೆಚ್ಚಾದವೇನು?"

"ಬಿಸಲೇರಲಿ," ಅಂದೆ ನಾನು. "ಹಗ್ಗ ತಾನಾ ಸಡಲ ಆಗ್ತದ."

ಬಿಸಿಲಿಗೆ ಹಗ್ಗ ಸಡಿಲಾಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಹುಡುಗಿ ರೇಷ್ಮೆ ಸೀರೆಯಲ್ಲಿ ಹೊರಗೆ ಬಂದಳು. ಮೇಲೆ ನೋಡಿ, ನನ್ನ ಹತ್ತಿರ ಬಂದು ಮೆಲ್ಲಗೆ ಅಂದಳು: "ಕಾಕಾ, ಅಪ್ಪನ ಹಂತ್ಯಾಕ ಇನ್ನೊಂದು ಹಗ್ಗ ಅದಲ್ಲ. ಅದರಾಗ ಕಾಲಿಟ್ಟು ನಿಂತ್ರ ಭಾರ ಇಳೀತದ. ಒಂದು ಸುತ್ತು ಬಿಚ್ಚಬಹುದಲ್ಲ?"

ನಾವು ಅಂಗಳದಲ್ಲಿ ಹಗ್ಗದ ಕೆಲಸ ಮಾಡುವಾಗ ಅವಳು ಓದುತ್ತ ಕಟ್ಟೆಯ ಮೇಲಿರುತ್ತಿದ್ದಳು. ನೋಡಿಯೇ ಕಲಿತಿದ್ದಳು. ಅದೇ ಹೊತ್ತಿಗೆ ಕಕ್ಕೇರಾದ ಜೀಪು ಓಣಿಯಲ್ಲಿ ನಿಂತಿತು.

"ಸುಮ್ನ ನಿಂದ್ರವ್ವ," ಅಂದೆ. "ಬೀಗರ ಮುಂದ ನೀನು ಮಾತಾಡಿದ್ರ ಕೂಡಿದ ಕಾರ್ಯ ಕೆಡ್ತದ. ಅವರು ಹೋಗೂತನ ತುಟಿ ಬಿಚ್ಚಬ್ಯಾಡ."

ಕಾರ್ಯ ಕೆಡುತ್ತದೆ ಅಂದದ್ದಕ್ಕೆ ಅವಳು ಹೆದರಿದಳು. ಸೆರಗು ಹಿಡಿದು ಕಂಬದಂತೆ ನಿಂತಳು.

ಬೀಗರು ಒಳಗೆ ಬಂದರು. "ಬರ್ರಿ, ಬರ್ರಿ, ಕುಂದರ್ರಿ," ಎಂದು ಮೇಲಿಂದ ಸ್ವಾಗತ ಬಂತು. ಹುಡುಗನ ತಂದೆ ಅತ್ತಿತ್ತ ನೋಡಿ, ಕೊನೆಗೆ ಕತ್ತೆತ್ತಿ ಕೈ ಮುಗಿದರು.

"ನೀವು ಮದಲ ಇಳೀರಿ."

"ಇಳೀತೀನ್ರಿ. ಗಂಟು ಜರಾ ವಿಚಾರ ಮಾಡಾಕತ್ತದ. ನೀವು ಚಹಾ ತಗೋರಿ."

ಹುಡುಗನ ಅಜ್ಜಿ ಸೊಸೆಯ ಕಿವಿಯಲ್ಲಿ, ಎಲ್ಲರಿಗೂ ಕೇಳುವಂತೆ, "ಹರಕಿ ಏನರ ಹೊತ್ತಾನೇನವಾ?" ಎಂದು ಕೇಳಿದಳು. ಚಹಾ ಬಂತು. ಮನೆಯ ಯಜಮಾನ ಕುಡಿಯದೆ ತಾವು ಕುಡಿಯುವುದಿಲ್ಲ ಎಂದು ಬೀಗರು ಹಟ ಹಿಡಿದರು. ಕೊನೆಗೆ ದೋಸ್ತ ತನ್ನ ಆ ತುಂಡು ಹಗ್ಗವನ್ನೇ ಇಳಿಬಿಟ್ಟ. ಏಣಿ ಹತ್ತಿದವನೊಬ್ಬ ಅದರ ತುದಿಗೆ ಚಹಾದ ಕಿಟ್ಲಿ ಕಟ್ಟಿದ. ಅವನನ್ನು ಕೆಳಗಿಳಿಸಬಹುದಾಗಿದ್ದ ಹಗ್ಗದಿಂದ ಚಹಾ ಮೇಲೇರಿತು. ನಾನು ಕೆಳಗೆ ನಿಂತು "ಹುಷಾರಿ, ಬಿಸಿ ಅದ," ಅಂದೆ.

ಬೇಸಾಯ ಎಷ್ಟು, ಮಳೆ ಹೇಗೆ, ಹುಡುಗಿಗೆ ಇನ್ನೆಷ್ಟು ಓದು ಉಳಿದಿದೆ ಎಂಬ ಮಾತುಗಳೆಲ್ಲ ಮೇಲೆ ಕೆಳಗೆ ಓಡಾಡಿದವು. ನಡುನಡುವೆ ದೋಸ್ತ ಕಾಲು ಝಾಡಿಸುತ್ತಿದ್ದ. "ಯಾಕ್ರಿ?" ಎಂದು ಕೇಳಿದರೆ "ಜೋಮು ಹಿಡದದ್ರಿ, ನೀವು ಮಾತಾಡ್ರಿ," ಅನ್ನುತ್ತಿದ್ದ. ಗಂಟು ಯಾರು ಹಾಕಿದ್ದು ಎಂದು ಹುಡುಗನ ತಂದೆ ಕೇಳಿದಾಗ ನಾನು ಮಣ್ಣು ನೋಡಿದೆ. "ನಾನಽ ಹಾಕೀನ್ರಿ," ಅಂದ ದೋಸ್ತ.

ಜೀಪು ಓಣಿ ದಾಟಿದ್ದೇ ತಡ, ಹುಡುಗಿ ಸೆರಗು ಸಿಕ್ಕಿಸಿಕೊಂಡು ಮರದ ಕೆಳಗೆ ಬಂದಳು. ಏನು ಮಾಡಬೇಕೆಂದು ಕೂಗಿ ಹೇಳಿದಳು. ಅವನು ಕುಣಿಕೆ ಹಾಕಿ ನಿಂತ, ಒಂದು ಸುತ್ತು ಬಿಚ್ಚಿದ, ಜಾರಿ ಇಳಿದ. ಕಾಲು ನೆಲಕ್ಕೆ ತಾಗಿದಾಗ ನಿಲ್ಲಲಾಗದೆ ಕುಸಿದು ಕುಳಿತ. ಅಷ್ಟಾದರೂ ನನ್ನನ್ನು ನೋಡಿ, "ಪಂಚಾಕ್ಷರಿ ಭಾಳ ಗಟ್ಟಿ ಹಿಡೀತ ದೋಸ್ತ," ಅಂದ. ಬೈದಿದ್ದರೆ ಚೆನ್ನಾಗಿತ್ತು.

ವಾರದ ಮೇಲೆ ಕಕ್ಕೇರಾದಿಂದ ಮಾತು ಬಂತು. ಸಂಬಂಧ ಬೇಡ ಅಂದಿದ್ದರು. ಅಪ್ಪ ಮರದಲ್ಲಿದ್ದದ್ದಕ್ಕಲ್ಲ. ಹೆತ್ತಪ್ಪ ನೇತಾಡುತ್ತಿದ್ದರೂ ಹುಡುಗಿ ಅಯ್ಯೋ ಎಂದೂ ಅನ್ನದೆ ಕಲ್ಲಿನ ಹಾಗೆ ನಿಂತಿದ್ದಳು, ನಾಳೆ ಅತ್ತೆ ಮಾವನಿಗೆ ಏನು ಮಾಡಿಯಾಳು, ಎಂಬುದು ಅವರ ಮಾತು. ಹುಡುಗಿ ನನ್ನ ಹೆಸರು ಹೇಳಲಿಲ್ಲ. ನಾನು ಅಬ್ಬೆತುಮಕೂರಿನ ಮಠಕ್ಕೆ ಹೋಗಿ ಅಡ್ಡಬಿದ್ದು ಬಂದೆ. ಹೋಗುವಾಗ ಇದ್ದ ಭಾರವೇ ಬರುವಾಗಲೂ ಇತ್ತು. ನಾನು ನಿಜ ಹೇಳಬೇಕಾಗಿದ್ದವರು ಮಠದಲ್ಲಿರಲಿಲ್ಲ.

ಮರುದಿನ ಹಗ್ಗಗಳನ್ನು ಚೀಲಕ್ಕೆ ತುಂಬಿ, ಸುರಪುರದಲ್ಲಿ ಬಸ್ಸು ಬದಲಿಸಿ ಕಕ್ಕೇರಾ ಮುಟ್ಟಿದೆ. ಹುಡುಗನ ತಂದೆಗೆ ಎಲ್ಲ ಹೇಳಿದೆ. ಗಂಟು ನನ್ನದು, ಸುಳ್ಳು ನನ್ನದು, ಹುಡುಗಿಯ ಬಾಯಿ ಕಟ್ಟಿದ್ದು ನಾನು. ಅವರು ನಂಬಲಿಲ್ಲ. "ಅಷ್ಟು ಸಣ್ಣ ಹಗ್ಗ ಅಂಥಾ ಮನಷ್ಯಾನ ಹಿಡಿತದೇನ್ರಿ? ತೋರಸ್ರಿ," ಎಂದು ಅಂಗಳದ ಬೇವಿನ ಮರ ತೋರಿಸಿದರು.

ಅದೇ ತೆಳು ಹಗ್ಗದಿಂದ ಐದು ಸುತ್ತು ಹಾಕಿದೆ. ಆಳೆತ್ತರ ಮೇಲೆಳೆದುಕೊಂಡು ಭಾರ ಬಿಟ್ಟೆ. ಹಗ್ಗ ನನ್ನನ್ನೂ ಬಿಡಲಿಲ್ಲ. ಕಾಲಿನ ತುಂಡು ಹಗ್ಗ ಚೀಲದಲ್ಲಿ, ಚೀಲ ಕಟ್ಟೆಯ ಮೇಲೆ. ಮನೆಯವರೆಲ್ಲ ಹೊರಗೆ ಬಂದು ಸುತ್ತ ನಿಂತರು.

"ಈಗ ಹ್ಯಾಂಗ ಇಳಸೂದು?" ಎಂದು ಹುಡುಗನ ತಂದೆ ಕೇಳಿದರು.

"ಆ ಹುಡುಗಿನ್ನ ಕೇಳ್ರಿ," ಅಂದೆ.

ಮಗನ ಫೋನಿನಿಂದ ಗೋಗಿಗೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿದರು. ನಾನು ಬೇವಿನ ಮರದಲ್ಲಿ ನೇತಾಡುತ್ತಿದ್ದೇನೆ ಎಂದು ತಿಳಿಸಿದರು.

"ಇನ್ನೊಂದು ಹಗ್ಗ ಕೊಡ್ರಿ, ಕುಣಿಕ್ಯಾಗ ಕಾಲಿಟ್ಟು ನಿಂದರ್ಲಿ, ಒಂದು ಸುತ್ತು ಬಿಚ್ಚಲಿ," ಎಂದು ಹುಡುಗಿ ಸ್ಪಷ್ಟವಾಗಿ ಹೇಳಿದಳು. "ಆದ್ರ ಮಾವಾರ, ಗಡಬಡಿ ಏನಿಲ್ರಿ. ನೀವು ಊಟ ಮಾಡಿ ಬಂದು ಇಳಸ್ರಿ."

ಮಾವಾರ ಎಂಬುದನ್ನು ಕೇಳಿ ಅಜ್ಜಿ ಮೊದಲು ನಕ್ಕಳು. ಹುಡುಗನ ತಂದೆ ನನ್ನ ಕಡೆ ಒಮ್ಮೆ ನೋಡಿ, "ಸೊಸಿ ಹೇಳ್ಯಾಳ, ಏನ್ ಮಾಡೂದ್ರಿ," ಎಂದು ಕೈ ತೊಳೆಯಲು ಒಳಗೆ ಹೋದರು.

ಅವರು ನಿಧಾನವಾಗಿಯೇ ಊಟ ಮಾಡಿದರು.